ಮಿಲಿಗ್ರಾಂನಿಂದ ಡಾಲ್ಟನ್‌ವರೆಗೆ: ಅತಿ ಸಣ್ಣ ದ್ರವ್ಯರಾಶಿಗಳ ಲೆಕ್ಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಿಲೋಗ್ರಾಂ ಲೆಕ್ಕದಲ್ಲಿ ಸಾವಿರ ಪಟ್ಟು ತಪ್ಪಾದರೆ ಕಣ್ಣಿಗೇ ಕಾಣುತ್ತದೆ. ಮೈಕ್ರೋಗ್ರಾಂ, ಪಿಕೋಗ್ರಾಂ ಲೆಕ್ಕದಲ್ಲಿ ಅಷ್ಟೇ ತಪ್ಪಾದರೂ ಏನೂ ಕಾಣುವುದಿಲ್ಲ. ಎರಡೂ ಕಣ್ಣಿಗೆ ಬೀಳದಷ್ಟು ಸಣ್ಣವು. ಹಾಗಾಗಿ ಇಲ್ಲಿ ಕಣ್ಣಂದಾಜು ನೆಚ್ಚಿಕೊಳ್ಳುವಂತಿಲ್ಲ, ಬರೆದ ಲೆಕ್ಕವೇ ಗತಿ. ವಿದ್ಯಾರ್ಥಿಗಳು, ಲ್ಯಾಬಿನಲ್ಲಿ ಕೆಲಸ ಮಾಡುವವರು, ರಕ್ತ ಪರೀಕ್ಷೆಯ ವರದಿ ಕೈಯಲ್ಲಿ ಹಿಡಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ.

ಗ್ರಾಂಗಿಂತ ಕೆಳಗೆ ಯಾವ ಯಾವ ಯೂನಿಟ್‌ಗಳಿವೆ?

ಒಂದೊಂದು ಮೆಟ್ಟಿಲು ಇಳಿದಾಗಲೂ ಸಾವಿರ ಪಟ್ಟು ಸಣ್ಣದಾಗುತ್ತದೆ.

ಮಿಲಿಗ್ರಾಂ: 10⁻³ ಗ್ರಾಂ
ಮೈಕ್ರೋಗ್ರಾಂ: 10⁻⁶ ಗ್ರಾಂ
ನ್ಯಾನೋಗ್ರಾಂ: 10⁻⁹ ಗ್ರಾಂ
ಪಿಕೋಗ್ರಾಂ: 10⁻¹² ಗ್ರಾಂ
ಫೆಮ್ಟೋಗ್ರಾಂ: 10⁻¹⁵ ಗ್ರಾಂ
ಆಟೋಗ್ರಾಂ: 10⁻¹⁸ ಗ್ರಾಂ
ಜೆಪ್ಟೋಗ್ರಾಂ: 10⁻²¹ ಗ್ರಾಂ
ಯೋಕ್ಟೋಗ್ರಾಂ: 10⁻²⁴ ಗ್ರಾಂ

ಬಹಳ ಕಾಲ ಪಟ್ಟಿ ಇಲ್ಲಿಗೇ ಮುಗಿಯುತ್ತಿತ್ತು. 2022ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಮ್ಮೇಳನ ಇನ್ನೆರಡು ಮೆಟ್ಟಿಲು ಸೇರಿಸಿತು: ರೊಂಟೋ ಅಂದರೆ 10⁻²⁷, ಕ್ವೆಕ್ಟೋ ಅಂದರೆ 10⁻³⁰. ಒಂದು ಎಲೆಕ್ಟ್ರಾನ್‌ನ ದ್ರವ್ಯರಾಶಿ ಸುಮಾರು 0.911 ರೊಂಟೋಗ್ರಾಂ.

ಬರೀ ಹೆಸರು ಬಾಯಿಪಾಠ ಮಾಡಿದರೆ ಎರಡೇ ದಿನಕ್ಕೆ ಮರೆತುಹೋಗುತ್ತದೆ. ಪ್ರತಿ ಮೆಟ್ಟಿಲಿನ ಮೇಲೂ ಒಂದು ವಸ್ತುವನ್ನು ಕೂರಿಸಿ ನೋಡಿ. ಒಂದು ಈ. ಕೋಲೈ ಬ್ಯಾಕ್ಟೀರಿಯಾ ಸುಮಾರು 1 ಪಿಕೋಗ್ರಾಂ. ಕೋವಿಡ್ ತಂದ ವೈರಸ್‌ನ ಒಂದು ಕಣ ಸುಮಾರು 1 ಫೆಮ್ಟೋಗ್ರಾಂ. ಹಿಮೋಗ್ಲೋಬಿನ್‌ನ ಒಂದು ಅಣು ಸುಮಾರು 107 ಜೆಪ್ಟೋಗ್ರಾಂ. ನೀರಿನ ಒಂದು ಅಣು ಸುಮಾರು 30 ಯೋಕ್ಟೋಗ್ರಾಂ. ಇಷ್ಟು ನೆನಪಿದ್ದರೆ ಉತ್ತರ ಬಂದಾಗ "ಇದು ಆಗುವ ಮಾತಾ?" ಅಂತ ನೀವೇ ಕೇಳಿಕೊಳ್ಳಬಹುದು. ಒಂದು ವೈರಸ್‌ಗೆ 3 ನ್ಯಾನೋಗ್ರಾಂ ಬಂತು ಅಂದರೆ ಎಲ್ಲೋ ಘಾತ (10ರ ತಲೆಯ ಮೇಲಿನ ಸಣ್ಣ ಅಂಕಿ) ಜಾರಿದೆ ಅಂತಲೇ ಅರ್ಥ.

ಸೆಂಟಿಗ್ರಾಂ, ಡೆಸಿಗ್ರಾಂ ಇಲ್ವಾ?

ಇವೆ. ಆದರೆ ವಿಜ್ಞಾನದ ಬರಹದಲ್ಲಿ ಬಳಸುವವರು ತೀರಾ ಕಮ್ಮಿ.

ಗುಣಿಸಬೇಕೋ ಭಾಗಿಸಬೇಕೋ ಅನ್ನುವುದೇ ಗೊಂದಲ. ಏನು ಮಾಡಲಿ?

ಒಂದೇ ಮಾತು ಹಿಡಿದುಕೊಳ್ಳಿ: ಯೂನಿಟ್ ಸಣ್ಣದಾದರೆ ಸಂಖ್ಯೆ ದೊಡ್ಡದಾಗಬೇಕು. ಯೂನಿಟ್ ದೊಡ್ಡದಾದರೆ ಸಂಖ್ಯೆ ಸಣ್ಣದಾಗಬೇಕು. ವಸ್ತು ಮಾತ್ರ ಅಷ್ಟೇ ಇರುತ್ತದೆ.

0.0375 ಮಿಲಿಗ್ರಾಂ ಅನ್ನು ನ್ಯಾನೋಗ್ರಾಂಗೆ ಬದಲಾಯಿಸಬೇಕು ಅಂತ ಇಟ್ಟುಕೊಳ್ಳಿ. ಮಿಲಿ ಅಂದರೆ 10⁻³, ನ್ಯಾನೋ ಅಂದರೆ 10⁻⁹. ನಡುವಿನ ವ್ಯತ್ಯಾಸ 6 ಘಾತ. ಸಣ್ಣ ಯೂನಿಟ್ ಕಡೆಗೆ ಹೋಗುತ್ತಿದ್ದೇವೆ, ಹಾಗಾಗಿ 10⁶ರಿಂದ ಗುಣಿಸಬೇಕು. ಉತ್ತರ 37,500 ನ್ಯಾನೋಗ್ರಾಂ.

ಈಗ ಉಲ್ಟಾ ಹೋಗೋಣ. 420 ಪಿಕೋಗ್ರಾಂ ಎಷ್ಟು ಮೈಕ್ರೋಗ್ರಾಂ? ಪಿಕೋ 10⁻¹², ಮೈಕ್ರೋ 10⁻⁶. ಮತ್ತೆ 6 ಘಾತ, ಆದರೆ ಈ ಸಲ ದೊಡ್ಡ ಯೂನಿಟ್ ಕಡೆಗೆ. 420 × 10⁻⁶, ಅಂದರೆ 4.2 × 10⁻⁴ ಮೈಕ್ರೋಗ್ರಾಂ.

ದಶಮಾಂಶ ಬಿಂದುವನ್ನು ಬೆರಳಲ್ಲಿ ಸರಿಸುತ್ತಾ ಹೋಗುವ ಅಭ್ಯಾಸ ಮೂರು ಸ್ಥಾನದವರೆಗೆ ಸರಿ. ಅದಕ್ಕಿಂತ ಜಾಸ್ತಿ ಇದ್ದರೆ ಘಾತದಲ್ಲೇ ಬರೆಯಿರಿ. ಒಂಬತ್ತು ಸೊನ್ನೆಗಳಲ್ಲಿ ಒಂದು ಕಮ್ಮಿಯಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ. 10⁻⁹ ಬದಲು 10⁻⁸ ಅಂತ ಬರೆದಿದ್ದರೆ ಪಕ್ಕದಲ್ಲಿ ಕೂತವರಾದರೂ ಹಿಡಿಯುತ್ತಾರೆ.

ಲಕ್ಷ, ಕೋಟಿಯಲ್ಲಿ ಎಣಿಸಿದರೆ ಎಡವಟ್ಟಾಗುತ್ತದೆ. ಯಾಕೆ?

ನಮ್ಮ ಎಣಿಕೆ ಸಾವಿರದ ನಂತರ ಎರಡೆರಡು ಸೊನ್ನೆಗೆ ಹೆಜ್ಜೆ ಇಡುತ್ತದೆ: ಸಾವಿರ, ಲಕ್ಷ, ಕೋಟಿ. ಮಿಲಿ, ಮೈಕ್ರೋ, ನ್ಯಾನೋ ಮೂರು ಮೂರು ಸೊನ್ನೆಗೆ ಇಡುತ್ತವೆ. ಎರಡೂ ಹೆಜ್ಜೆ ಕೂಡುವುದಿಲ್ಲ. 1 ಗ್ರಾಂ ಅಂದರೆ 10 ಲಕ್ಷ ಮೈಕ್ರೋಗ್ರಾಂ, 100 ಕೋಟಿ ನ್ಯಾನೋಗ್ರಾಂ, 1 ಲಕ್ಷ ಕೋಟಿ ಪಿಕೋಗ್ರಾಂ. ಬಾಯಲ್ಲಿ ಹೇಳಲು ಇದು ಚೆನ್ನಾಗಿದೆ. ಲೆಕ್ಕ ಮಾಡುವಾಗ ಮಾತ್ರ ಅಲ್ಪವಿರಾಮಗಳನ್ನು ನಂಬಬೇಡಿ. ಕೊನೆಯ ಉತ್ತರವನ್ನು ಬೇಕಿದ್ದರೆ ಕೋಟಿಯಲ್ಲಿ ಓದಿ.

ಮೈಕ್ರೋಗ್ರಾಂನ ಚಿಹ್ನೆ ಬಗ್ಗೆ ಅಷ್ಟೊಂದು ಎಚ್ಚರಿಕೆ ಯಾಕೆ?

ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು, ಯಾಕೆಂದರೆ ಇಲ್ಲಿ ಆಗುವ ತಪ್ಪು ಮನುಷ್ಯರ ದೇಹಕ್ಕೆ ಹೋಗುತ್ತದೆ.

ಮೈಕ್ರೋಗೆ ಗ್ರೀಕ್ ಅಕ್ಷರ ಮ್ಯೂ. ಅವಸರದ ಕೈಬರಹದಲ್ಲಿ ಅದು ಸಣ್ಣ ಎಂ ಥರ ಕಾಣುತ್ತದೆ. ಆಗ ಮೈಕ್ರೋಗ್ರಾಂ ಮಿಲಿಗ್ರಾಂ ಆಗಿಬಿಡುತ್ತದೆ, ಡೋಸ್ ಸಾವಿರ ಪಟ್ಟು ಏರುತ್ತದೆ. ಥೈರಾಯ್ಡ್ ಹಾರ್ಮೋನ್ ಮಾತ್ರೆಗಳು 25, 50, 100 ಮೈಕ್ರೋಗ್ರಾಂ ಲೆಕ್ಕದಲ್ಲಿ ಬರುತ್ತವೆ. ಅಲ್ಲಿ ಮಿಲಿಗ್ರಾಂ ಅಂತ ಓದಿಕೊಂಡರೆ ಏನಾಗಬಹುದು ಯೋಚಿಸಿ. ಹಾಗಾಗಿಯೇ ಔಷಧಿ ಸುರಕ್ಷತೆಯ ಕೆಲಸ ಮಾಡುವವರು ಮ್ಯೂ ಬದಲು ಎಂಸಿಜಿ ಅಂತ ಬರೆಯಿರಿ, ಇಲ್ಲವೇ ಮೈಕ್ರೋಗ್ರಾಂ ಅಂತ ಪೂರ್ತಿ ಬರೆಯಿರಿ ಅನ್ನುತ್ತಾರೆ. ನನ್ನ ಮಟ್ಟಿಗೆ ಪೂರ್ತಿ ಬರೆಯುವುದೇ ಒಳ್ಳೆಯದು. ನಾಲ್ಕು ಅಕ್ಷರ ಉಳಿಸಿ ಆಗಬೇಕಾದ್ದು ಏನೂ ಇಲ್ಲ.

ಕಂಪ್ಯೂಟರ್‌ನಲ್ಲಿ ಇನ್ನೊಂದು ಅಪಾಯ ಇದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಹಳೆಯ ಸಿಂಬಲ್ ಫಾಂಟ್‌ನಲ್ಲಿ ಸಣ್ಣ ಎಂ ಒತ್ತಿದರೆ ಪರದೆಯ ಮೇಲೆ ಮ್ಯೂ ಬರುತ್ತದೆ. ಫೈಲಿನ ಒಳಗೆ ಇರುವುದು ಎಂ ಅಕ್ಷರವೇ, ಫಾಂಟ್ ಅದಕ್ಕೆ ಮ್ಯೂ ವೇಷ ಹಾಕಿರುತ್ತದೆ. ಆ ಪಠ್ಯವನ್ನು ಬೇರೆ ಕಡೆ ಪೇಸ್ಟ್ ಮಾಡಿ ಫಾಂಟ್ ಬದಲಾಯಿತು ಅನ್ನಿ, ವೇಷ ಕಳಚಿ ಮಿಲಿಗ್ರಾಂ ಆಗುತ್ತದೆ. ಯಾರೂ ಒಂದಕ್ಷರ ತಿದ್ದಿರುವುದಿಲ್ಲ! ಹಳೆಯ ಕಡತಗಳಿಂದ ಅಂಕಿ ತೆಗೆಯುವಾಗ ಇದನ್ನು ನೋಡಿಕೊಳ್ಳಿ.

ಹಳೆಯ ಪ್ರಬಂಧಗಳಲ್ಲಿ ಮೈಕ್ರೋಗ್ರಾಂಗೆ ಗ್ಯಾಮಾ ಚಿಹ್ನೆಯನ್ನೂ ಬಳಸಿದ್ದಾರೆ. 5 ಗ್ಯಾಮಾ ಅಂತ ಕಂಡರೆ 5 ಮೈಕ್ರೋಗ್ರಾಂ ಅಂತ ಓದಿ.

ಅಕ್ಷರ ದೊಡ್ಡದೋ ಸಣ್ಣದೋ ಅನ್ನುವುದು ಮುಖ್ಯವಾ?

ತುಂಬಾ ಮುಖ್ಯ. ಸಣ್ಣ ಪಿ ಅಂದರೆ ಪಿಕೋ, ದೊಡ್ಡ ಪಿ ಅಂದರೆ ಪೆಟಾ. ಪೆಟಾಗ್ರಾಂ ಅಂದರೆ 10¹⁵ ಗ್ರಾಂ, 100 ಕೋಟಿ ಟನ್. ಭೂಮಿಯ ಕಾರ್ಬನ್ ಲೆಕ್ಕದಲ್ಲಿ ಈ ಯೂನಿಟ್ ದಿನವೂ ಬಳಕೆಯಲ್ಲಿದೆ. ಒಂದು ಅಕ್ಷರದ ಗಾತ್ರ ತಪ್ಪಿದರೆ 27 ಘಾತದ ವ್ಯತ್ಯಾಸ.

ರಕ್ತ ಪರೀಕ್ಷೆಯ ವರದಿಯಲ್ಲಿ ಒಂದೊಂದು ಲ್ಯಾಬ್ ಒಂದೊಂದು ಯೂನಿಟ್ ಕೊಡುತ್ತದೆ. ಹೋಲಿಸುವುದು ಹೇಗೆ?

ಸುಲಭದ್ದು ಮೊದಲು. ಮೇಲಿನದನ್ನೂ ಕೆಳಗಿನದನ್ನೂ ಒಟ್ಟಿಗೆ ಸಾವಿರದಿಂದ ಗುಣಿಸಿದರೆ ಬೆಲೆ ಬದಲಾಗುವುದಿಲ್ಲ. ಹಾಗಾಗಿ ಒಂದು ಮಿಲಿಲೀಟರ್‌ಗೆ ಇಷ್ಟು ನ್ಯಾನೋಗ್ರಾಂ ಅಂದರೂ, ಲೀಟರ್‌ಗೆ ಅಷ್ಟೇ ಮೈಕ್ರೋಗ್ರಾಂ ಅಂದರೂ ಒಂದೇ. ಮಿಲಿಲೀಟರ್‌ಗೆ ಪಿಕೋಗ್ರಾಂ ಅಂದರೆ ಲೀಟರ್‌ಗೆ ನ್ಯಾನೋಗ್ರಾಂ. ಡೆಸಿಲೀಟರ್ ಇದ್ದರೆ ಮಾತ್ರ ಹುಷಾರು. ಅದು 100 ಮಿಲಿಲೀಟರ್, ಹಾಗಾಗಿ ಮಿಲಿಲೀಟರ್‌ಗೆ 1 ನ್ಯಾನೋಗ್ರಾಂ ಅಂದರೆ ಡೆಸಿಲೀಟರ್‌ಗೆ 100 ನ್ಯಾನೋಗ್ರಾಂ.

ಕಷ್ಟ ಬರುವುದು ಇನ್ನೊಂದು ಲ್ಯಾಬ್ ನ್ಯಾನೋಮೋಲ್‌ನಲ್ಲಿ ಕೊಟ್ಟಾಗ. ಮೋಲ್ ಅಂದರೆ ಅಣುಗಳ ಎಣಿಕೆ, ಗ್ರಾಂ ಅಂದರೆ ದ್ರವ್ಯರಾಶಿ. ನಡುವೆ ಆ ವಸ್ತುವಿನ ಮೋಲಾರ್ ದ್ರವ್ಯರಾಶಿ, ಅಂದರೆ ಅದರ ಒಂದು ಮೋಲ್ ಎಷ್ಟು ಗ್ರಾಂ ಅನ್ನುವುದು, ಬೇಕೇ ಬೇಕು. ರಕ್ತದಲ್ಲಿ ಅಳೆಯುವ 25-ಹೈಡ್ರಾಕ್ಸಿ ವಿಟಮಿನ್ ಡಿ3ಗೆ ಅದು ಮೋಲ್‌ಗೆ 400.6 ಗ್ರಾಂ. 1000ವನ್ನು 400.6ರಿಂದ ಭಾಗಿಸಿದರೆ ಸುಮಾರು 2.5. ಮಿಲಿಲೀಟರ್‌ಗೆ 20 ನ್ಯಾನೋಗ್ರಾಂ ಇದ್ದರೆ ಲೀಟರ್‌ಗೆ ಸುಮಾರು 50 ನ್ಯಾನೋಮೋಲ್. ಇದೇ 2.5ನ್ನು ಬಿ12ಗೆ ಹಾಕಿದರೆ ಪೂರ್ತಿ ತಪ್ಪು. ಬಿ12 ಅಣು ತುಂಬಾ ದೊಡ್ಡದು, ಮೋಲ್‌ಗೆ ಸುಮಾರು 1355 ಗ್ರಾಂ. ಹಾಗಾಗಿ ಮಿಲಿಲೀಟರ್‌ಗೆ 200 ಪಿಕೋಗ್ರಾಂ ಅಂದರೆ ಲೀಟರ್‌ಗೆ ಸುಮಾರು 148 ಪಿಕೋಮೋಲ್.

ಐಯು ಅನ್ನುವುದು ಯಾವ ತೂಕ?

ಐಯು ಅಂದರೆ ಇಂಟರ್‌ನ್ಯಾಷನಲ್ ಯೂನಿಟ್. ಅದು ತೂಕವೇ ಅಲ್ಲ, ದೇಹದ ಮೇಲೆ ಆಗುವ ಪರಿಣಾಮದ ಅಳತೆ. ವಸ್ತು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ವಿಟಮಿನ್ ಡಿಯಲ್ಲಿ 40 ಐಯು ಅಂದರೆ 1 ಮೈಕ್ರೋಗ್ರಾಂ. ವಿಟಮಿನ್ ಎಯಲ್ಲಿ 1 ಐಯು ಅಂದರೆ 0.3 ಮೈಕ್ರೋಗ್ರಾಂ ರೆಟಿನಾಲ್.

ಪಿಪಿಎಂ, ಪಿಪಿಬಿ ಅಂದರೂ ಇದೇ ತಾನೇ?

ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು, ಪಿಪಿಬಿ ಅಂದರೆ ನೂರು ಕೋಟಿಯಲ್ಲಿ ಒಂದು ಪಾಲು. ನೀರಿನಲ್ಲಿ ಹೆಚ್ಚುಕಮ್ಮಿ ಹೌದು. 1 ಲೀಟರ್ ನೀರು ಸುಮಾರು 1 ಕಿಲೋಗ್ರಾಂ, ಹಾಗಾಗಿ ಲೀಟರ್‌ಗೆ 1 ಮಿಲಿಗ್ರಾಂ ಅಂದರೆ 1 ಪಿಪಿಎಂ, 1 ಮೈಕ್ರೋಗ್ರಾಂ ಅಂದರೆ 1 ಪಿಪಿಬಿ. ಕುಡಿಯುವ ನೀರಿನ ಆರ್ಸೆನಿಕ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರ್‌ಗೆ 10 ಮೈಕ್ರೋಗ್ರಾಂ. ಇದನ್ನೇ 0.01 ಮಿಲಿಗ್ರಾಂ ಅಂತಲೋ 10 ಪಿಪಿಬಿ ಅಂತಲೋ ಬರೆದಿರುತ್ತಾರೆ, ಮೂರೂ ಒಂದೇ.

ಗಾಳಿಯಲ್ಲಿ ಈ ಸುಲಭ ದಾರಿ ನಡೆಯುವುದಿಲ್ಲ. ಅನಿಲಗಳಿಗೆ ಪಿಪಿಬಿ ಅಂದರೆ ಸಾಮಾನ್ಯವಾಗಿ ಗಾತ್ರದ ಪಾಲು. ಅದನ್ನು ಘನ ಮೀಟರ್‌ಗೆ ಇಷ್ಟು ಮೈಕ್ರೋಗ್ರಾಂ ಅಂತ ಮಾಡಲು ಅನಿಲ ಯಾವುದು, ಉಷ್ಣತೆ ಎಷ್ಟು, ಒತ್ತಡ ಎಷ್ಟು ಅಂತ ಗೊತ್ತಿರಬೇಕು.

ಡಾಲ್ಟನ್ ಅಂದರೇನು? ಎಎಂಯು, ಯು ಎಲ್ಲ ಬೇರೆ ಬೇರೆನಾ?

ಕಾರ್ಬನ್-12ರ ಒಂದು ಪರಮಾಣುವಿನ ದ್ರವ್ಯರಾಶಿಯಲ್ಲಿ ಹನ್ನೆರಡನೇ ಒಂದು ಭಾಗವೇ 1 ಡಾಲ್ಟನ್. ಇಂಗ್ಲೆಂಡಿನ ಜಾನ್ ಡಾಲ್ಟನ್ ಹೆಸರು ಅದಕ್ಕಿದೆ. ಈಗಿನ ಬರಹದಲ್ಲಿ ಯು ಮತ್ತು ಡಾಲ್ಟನ್ ಒಂದೇ.

ಎಎಂಯು (ಅಟಾಮಿಕ್ ಮಾಸ್ ಯೂನಿಟ್) ಕಂಡರೆ ಬರಹ ಯಾವ ಕಾಲದ್ದು ಅಂತ ನೋಡಿ. 1960ರ ದಶಕಕ್ಕೆ ಮುಂಚೆ ಎರಡು ಅಳತೆಗಳಿದ್ದವು. ಭೌತಶಾಸ್ತ್ರದವರು ಆಕ್ಸಿಜನ್-16 ಒಂದನ್ನೇ ಹಿಡಿದು ಅದಕ್ಕೆ 16 ಅಂದರು. ರಸಾಯನಶಾಸ್ತ್ರದವರು ಪ್ರಕೃತಿಯಲ್ಲಿ ಸಿಗುವ ಆಕ್ಸಿಜನ್‌ನ ಸರಾಸರಿಗೆ 16 ಅಂದರು. ಅದರಲ್ಲಿ ಭಾರದ ಐಸೋಟೋಪುಗಳೂ (ಅದೇ ಧಾತುವಿನ, ನ್ಯೂಟ್ರಾನ್ ಹೆಚ್ಚಿರುವ ಪರಮಾಣುಗಳೂ) ಬೆರೆತಿರುವುದರಿಂದ ಎರಡೂ ಕೂಡುತ್ತಿರಲಿಲ್ಲ. 1961ರ ಹೊತ್ತಿಗೆ ಇಬ್ಬರೂ ಕಾರ್ಬನ್-12ಕ್ಕೆ ಒಪ್ಪಿಕೊಂಡರು. ಈಗಲೂ ಕೆಲವರು ಹಳೆ ಹೆಸರಲ್ಲಿ ಹೊಸ ಅಳತೆಯನ್ನೇ ಬರೆಯುತ್ತಾರೆ.

ಬದಲಾಯಿಸಲು ಬೇಕಾದ ಸಂಖ್ಯೆ ಇದು: 1 ಡಾಲ್ಟನ್ = 1.66054 × 10⁻²⁷ ಕಿಲೋಗ್ರಾಂ. ಗ್ರಾಂನಲ್ಲಿ 1.66054 × 10⁻²⁴, ಅಂದರೆ 1.66 ಯೋಕ್ಟೋಗ್ರಾಂ. ಪುಸ್ತಕಗಳು ಒಂದು ಕಡೆ ಕಿಲೋಗ್ರಾಂ, ಇನ್ನೊಂದು ಕಡೆ ಗ್ರಾಂ ಕೊಡುತ್ತವೆ. 27 ಮತ್ತು 24 ಅದಲುಬದಲಾಗುವುದು ಇಲ್ಲಿಯೇ. ಸಂಖ್ಯೆ ಬರೆದಾಗಲೆಲ್ಲ ಪಕ್ಕದಲ್ಲಿ ಯೂನಿಟ್ ಬರೆಯಿರಿ, ನಡುವಿನ ಹೆಜ್ಜೆಗಳಲ್ಲೂ ಬಿಡಬೇಡಿ.

ಒಂದು ಪೂರ್ತಿ ಲೆಕ್ಕ ಮಾಡಿ ತೋರಿಸಿ.

ನನಗೆ ತುಂಬಾ ಇಷ್ಟವಾದ ಲೆಕ್ಕ ಇದು. ಇದಕ್ಕೆ ಬೇಕಾದ ಅಂಕಿ ಸಾಮಾನ್ಯ ರಕ್ತ ಪರೀಕ್ಷೆಯಲ್ಲೇ ಇರುತ್ತದೆ. ವರದಿಯಲ್ಲಿ ಎಂಸಿಎಚ್ ಅಂತ ಒಂದು ಸಾಲು ಇರುತ್ತದಲ್ವಾ? ಒಂದು ಕೆಂಪು ರಕ್ತಕಣದಲ್ಲಿ ಸರಾಸರಿ ಎಷ್ಟು ಹಿಮೋಗ್ಲೋಬಿನ್ ಇದೆ ಅಂತ ಅದು ಹೇಳುತ್ತದೆ, ಅದೂ ಪಿಕೋಗ್ರಾಂನಲ್ಲಿ. 30 ಅಂತ ಇದೆ ಅನ್ನಿ. ಆ ಕಣದೊಳಗೆ ಎಷ್ಟು ಹಿಮೋಗ್ಲೋಬಿನ್ ಅಣುಗಳಿವೆ?

ಹಿಮೋಗ್ಲೋಬಿನ್ ಅಣು ಸುಮಾರು 64,500 ಡಾಲ್ಟನ್. ಗ್ರಾಂ ಮಾಡೋಣ:
64,500 × 1.66 × 10⁻²⁴ ಗ್ರಾಂ = 1.07 × 10⁻¹⁹ ಗ್ರಾಂ.

ಕಣದಲ್ಲಿರುವ ಹಿಮೋಗ್ಲೋಬಿನ್ ಕೂಡ ಗ್ರಾಂನಲ್ಲಿ:
30 ಪಿಕೋಗ್ರಾಂ = 3.0 × 10⁻¹¹ ಗ್ರಾಂ.

ಈಗ ಭಾಗಿಸಿ:
3.0 × 10⁻¹¹ ÷ 1.07 × 10⁻¹⁹ = 2.8 × 10⁸.

ಅಂದರೆ 28 ಕೋಟಿ. ಪ್ರತಿ ಅಣು ನಾಲ್ಕು ಆಕ್ಸಿಜನ್ ಅಣುಗಳನ್ನು ಹಿಡಿಯಬಲ್ಲದು. ಒಂದು ಕಣ ಪೂರ್ತಿ ತುಂಬಿದರೆ 100 ಕೋಟಿಗೂ ಜಾಸ್ತಿ ಆಕ್ಸಿಜನ್ ಅಣುಗಳನ್ನು ಹೊತ್ತು ಸಾಗುತ್ತದೆ. ವರದಿಯ ಒಂದು ಸಾಲಿನಿಂದ ಇಲ್ಲಿಯವರೆಗೆ ಬರಲು ನಮಗೆ ಬೇಕಾದದ್ದು ಎರಡು ಪರಿವರ್ತನೆ, ಒಂದು ಭಾಗಾಕಾರ ಅಷ್ಟೇ. ಎರಡನ್ನೂ ಮೊದಲು ಗ್ರಾಂಗೆ ತಂದದ್ದನ್ನು ಗಮನಿಸಿ. ಪಿಕೋಗ್ರಾಂ ಅನ್ನು ಸುಮ್ನೆ ಡಾಲ್ಟನ್‌ನಿಂದ ಭಾಗಿಸಲು ಹೋಗಬೇಡಿ.

ಡಾಲ್ಟನ್ ಮತ್ತು ಮೋಲ್‌ಗೆ ಗ್ರಾಂ, ಎರಡರಲ್ಲೂ ಅದೇ ಸಂಖ್ಯೆ ಬರುತ್ತದಲ್ಲ?

ಬರುತ್ತದೆ. ನೀರಿನ ಅಣು 18.015 ಡಾಲ್ಟನ್, ಒಂದು ಮೋಲ್ ನೀರು 18.015 ಗ್ರಾಂ. ಒಂದು ಅಣುವಿನ ಮಾತು ಬಂದಾಗ ಡಾಲ್ಟನ್, 6.02214076 × 10²³ ಅಣುಗಳ ಮಾತು ಬಂದಾಗ ಗ್ರಾಂ.

2019ರ ಮೇ 20ರವರೆಗೆ ಈ ಎರಡು ಸಂಖ್ಯೆಗಳು ವ್ಯಾಖ್ಯೆಯಿಂದಲೇ ಒಂದಾಗಿದ್ದವು. ಅವತ್ತು ಕಿಲೋಗ್ರಾಂ ಅನ್ನು ಪ್ಲ್ಯಾಂಕ್ ಸ್ಥಿರಾಂಕ ಅನ್ನುವ, ಪ್ರಕೃತಿಯಲ್ಲಿ ಎಂದೂ ಬದಲಾಗದ ಸಂಖ್ಯೆಯ ಮೇಲೆ ಕೂರಿಸಿದರು, ಅವೊಗಾಡ್ರೋ ಸಂಖ್ಯೆಗೆ (ಒಂದು ಮೋಲ್‌ನಲ್ಲಿರುವ ಎಣಿಕೆಗೆ) ಖಚಿತ ಬೆಲೆ ಕಟ್ಟಿದರು. ಡಾಲ್ಟನ್ ಮಾತ್ರ ಕಾರ್ಬನ್-12ರ ಮೇಲೆಯೇ ಉಳಿಯಿತು, ಅದರ ಬೆಲೆಯನ್ನು ಪ್ರಯೋಗದಿಂದ ಅಳೆಯಬೇಕು. ಹಾಗಾಗಿ ಈಗ ಎರಡರ ನಡುವೆ ಸುಮಾರು ನೂರು ಕೋಟಿಯಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸ ಇದೆ. ತರಗತಿಯಲ್ಲಾಗಲಿ ಲ್ಯಾಬಿನಲ್ಲಾಗಲಿ ಇದು ಯಾರನ್ನೂ ಕಾಡುವುದಿಲ್ಲ. ಅದಕ್ಕೆ ಮುಂಚೆ ಕಿಲೋಗ್ರಾಂ ಅಂದರೆ ಪ್ಯಾರಿಸ್ ಹತ್ತಿರ ಕಾಪಾಡಿಟ್ಟ ಒಂದು ಲೋಹದ ಉರುಳೆ. ಸುಮಾರು ನೂರು ವರ್ಷದಲ್ಲಿ ಅದಕ್ಕೂ ಅದರ ನಕಲುಗಳಿಗೂ 50 ಮೈಕ್ರೋಗ್ರಾಂನಷ್ಟು ಅಂತರ ಬಿದ್ದಿತ್ತು. ಬದಲಾವಣೆಗೆ ಅದೂ ಒಂದು ಕಾರಣ.

ಡಿಎನ್‌ಎ ನ್ಯಾನೋಗ್ರಾಂನಲ್ಲಿದೆ, ನನಗೆ ಪ್ರತಿಗಳ ಸಂಖ್ಯೆ ಬೇಕು.

ಎರಡೆಳೆ ಡಿಎನ್‌ಎಯ ಒಂದು ಬೇಸ್ ಜೋಡಿಗೆ ಸರಾಸರಿ 650 ಡಾಲ್ಟನ್ ಅಂತ ಹಿಡಿಯುವುದು ರೂಢಿ. 5,000 ಬೇಸ್ ಜೋಡಿಯ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದಲ್ಲಿ ಸಿಗುವ ಸಣ್ಣ ಡಿಎನ್‌ಎ ಬಳೆ) ಆದರೆ 32.5 ಲಕ್ಷ ಡಾಲ್ಟನ್, ಅಂದರೆ ಸುಮಾರು 5.4 × 10⁻¹⁸ ಗ್ರಾಂ, 5.4 ಆಟೋಗ್ರಾಂ. ಟ್ಯೂಬಿನಲ್ಲಿ 20 ನ್ಯಾನೋಗ್ರಾಂ ಇದ್ದರೆ 2 × 10⁻⁸ ಅನ್ನು ಅದರಿಂದ ಭಾಗಿಸಿ: ಸುಮಾರು 3.7 × 10⁹, 370 ಕೋಟಿ ಪ್ರತಿಗಳು. 650 ಒಂದು ಅಂದಾಜು. ಹಾಗಾಗಿ ಉತ್ತರವನ್ನು 370,58,21,904 ಅಂತೆಲ್ಲ ಬರೆಯಬೇಡಿ.

ದ್ರವ್ಯರಾಶಿಯನ್ನು ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಹೇಳುತ್ತಾರೆ. ಅದು ಶಕ್ತಿಯ ಯೂನಿಟ್ ಅಲ್ವಾ?

ಹೌದು, ಶಕ್ತಿಯದ್ದೇ. ಐನ್‌ಸ್ಟೈನ್ ಸಮೀಕರಣದ ಪ್ರಕಾರ ಶಕ್ತಿಯನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿದರೆ ದ್ರವ್ಯರಾಶಿ ಸಿಗುತ್ತದೆ. ಕಣ ಭೌತಶಾಸ್ತ್ರದವರು "ವೇಗದ ವರ್ಗದಿಂದ ಭಾಗಿಸಿ" ಅನ್ನುವುದನ್ನು ಮಾತಿನಲ್ಲಿ ಬಿಟ್ಟುಬಿಡುತ್ತಾರೆ. ಹೀಗೆ ನೋಡಿದರೆ 1 ಎಲೆಕ್ಟ್ರಾನ್ ವೋಲ್ಟ್ ಅಂದರೆ 1.783 × 10⁻³⁶ ಕಿಲೋಗ್ರಾಂ, 1 ಡಾಲ್ಟನ್ ಅಂದರೆ 931.494 ಮೆಗಾ ಎಲೆಕ್ಟ್ರಾನ್ ವೋಲ್ಟ್ (ಮೆಗಾ ಅಂದರೆ 10 ಲಕ್ಷ). ಎಲೆಕ್ಟ್ರಾನ್ 0.511 ಮೆಗಾ, ಪ್ರೋಟಾನ್ 938.272 ಮೆಗಾ.

ಈ ಯೂನಿಟ್ ಬರೀ ಅನುಕೂಲಕ್ಕಲ್ಲ, ಅದಕ್ಕೊಂದು ಅರ್ಥ ಇದೆ. ಕಾರ್ಬನ್-12ರ ಪರಮಾಣುವನ್ನೇ ತೆಗೆದುಕೊಳ್ಳಿ. ಆರು ಹೈಡ್ರೋಜನ್ ಪರಮಾಣು, ಆರು ನ್ಯೂಟ್ರಾನ್‌ಗಳನ್ನು ಬಿಡಿಬಿಡಿಯಾಗಿ ಕೂಡಿದರೆ 12.0989 ಡಾಲ್ಟನ್ ಬರುತ್ತದೆ. ಕಾರ್ಬನ್ ಮಾತ್ರ ಸರಿಯಾಗಿ 12. ಉಳಿದ 0.0989 ಡಾಲ್ಟನ್ ಎಲ್ಲಿ ಹೋಯಿತು? 931.494ರಿಂದ ಗುಣಿಸಿ ನೋಡಿ: ಸುಮಾರು 92 ಮೆಗಾ ಎಲೆಕ್ಟ್ರಾನ್ ವೋಲ್ಟ್. ಬಿಡಿ ಕಣಗಳು ಒಂದಾಗುವಾಗ ಹೊರಬೀಳುವ ಶಕ್ತಿ ಅಷ್ಟು. ಪರಮಾಣುವಿನ ದ್ರವ್ಯರಾಶಿ ಬೇಕಾದಾಗ ಪ್ರೋಟಾನ್, ನ್ಯೂಟ್ರಾನ್ ಎಣಿಸಿ ಕೂಡಬೇಡಿ ಅನ್ನುವುದು ಇದಕ್ಕೇ. ಅಳೆದ ಬೆಲೆಯ ಪಟ್ಟಿ ನೋಡಿ.

ನ್ಯೂಟ್ರಿನೋ ಅನ್ನುವ, ವಿದ್ಯುದಾವೇಶವಿಲ್ಲದ ಕಣ ಎಲೆಕ್ಟ್ರಾನ್‌ಗಿಂತ ಇನ್ನೂ ಹಗುರ. ಜರ್ಮನಿಯ ಕ್ಯಾಟ್ರಿನ್ ಪ್ರಯೋಗ 2025ರಲ್ಲಿ ಪ್ರಕಟಿಸಿದ ಮಿತಿ 0.45 ಎಲೆಕ್ಟ್ರಾನ್ ವೋಲ್ಟ್. ಅಂದರೆ ಹೆಚ್ಚೆಂದರೆ 8 × 10⁻³⁷ ಕಿಲೋಗ್ರಾಂ. ಹೊಸದಾಗಿ ಬಂದ ಕ್ವೆಕ್ಟೋಗ್ರಾಂನ ಸಾವಿರದಲ್ಲೊಂದು ಪಾಲೂ ಆಗುವುದಿಲ್ಲ.

ಯೂನಿಟ್ ಬದಲಾಯಿಸಿದಾಗ ಎಷ್ಟು ಅಂಕಿ ಇಟ್ಟುಕೊಳ್ಳಬೇಕು?

ಮೊದಲು ಎಷ್ಟು ಸಾರ್ಥಕ ಅಂಕಿಗಳು (ನಿಜವಾಗಿ ಅಳೆದು ಸಿಕ್ಕ ಅಂಕಿಗಳು) ಇದ್ದವೋ ಅಷ್ಟೇ. 25 ಮಿಲಿಗ್ರಾಂ ಅನ್ನು 25,000 ಮೈಕ್ರೋಗ್ರಾಂ ಅಂತ ಬರೆದರೆ ಐದು ಅಂಕಿಯವರೆಗೆ ಅಳೆದ ಹಾಗೆ ಕಾಣುತ್ತದೆ. 2.5 × 10⁴ ಅಂತ ಬರೆಯಿರಿ.

ಇಷ್ಟು ಸಣ್ಣದನ್ನು ನಿಜವಾಗಿ ತೂಗಲು ಆಗುತ್ತದಾ?

ಲ್ಯಾಬಿನ ಸಾಮಾನ್ಯ ಅನಲಿಟಿಕಲ್ ಬ್ಯಾಲೆನ್ಸ್ 0.1 ಮಿಲಿಗ್ರಾಂವರೆಗೆ ತೋರಿಸುತ್ತದೆ. ಮೈಕ್ರೋಬ್ಯಾಲೆನ್ಸ್ 1 ಮೈಕ್ರೋಗ್ರಾಂವರೆಗೆ, ಅಲ್ಟ್ರಾಮೈಕ್ರೋ ಇನ್ನೂ ಒಂದು ಸ್ಥಾನ ಕೆಳಗೆ. ನ್ಯಾನೋಗ್ರಾಂ ಬೇಕಾದವರು ತೂಗುವುದಿಲ್ಲ, ತೆಳು ಮಾಡುತ್ತಾರೆ. 10 ಮಿಲಿಗ್ರಾಂ ತೂಗಿ 100 ಮಿಲಿಲೀಟರ್‌ನಲ್ಲಿ ಕರಗಿಸಿ, ಮಿಲಿಲೀಟರ್‌ಗೆ 100 ಮೈಕ್ರೋಗ್ರಾಂ ಆಯಿತು. ಅದರಲ್ಲಿ 1 ಮಿಲಿಲೀಟರ್ ತೆಗೆದು ಮತ್ತೆ 100 ಮಾಡಿ, ಮಿಲಿಲೀಟರ್‌ಗೆ 1 ಮೈಕ್ರೋಗ್ರಾಂ. ಈಗ ಪಿಪೆಟ್‌ನಲ್ಲಿ 1 ಮೈಕ್ರೋಲೀಟರ್ ತೆಗೆದರೆ ಅದರಲ್ಲಿ ಇರುವುದು 1 ನ್ಯಾನೋಗ್ರಾಂ.

ಇನ್ನೂ ಕೆಳಗೆ ಹೋದರೆ ದಾರಿಯೇ ಬೇರೆ. ಕಂಪಿಸುವ ವಸ್ತುವಿನ ಮೇಲೆ ಏನಾದರೂ ಅಂಟಿದರೆ ಅದರ ಕಂಪನ ನಿಧಾನವಾಗುತ್ತದೆ, ಎಷ್ಟು ನಿಧಾನವಾಯಿತು ಅಂತ ನೋಡಿ ಎಷ್ಟು ಅಂಟಿತು ಅಂತ ಹೇಳುತ್ತಾರೆ. 2012ರಲ್ಲಿ ಸ್ಪೇನಿನ ವಿಜ್ಞಾನಿಗಳು ಕಾರ್ಬನ್ ನ್ಯಾನೋಟ್ಯೂಬ್ ಬಳಸಿ 1.7 ಯೋಕ್ಟೋಗ್ರಾಂವರೆಗೆ ಗುರುತಿಸಿದರು. ಒಂದು ಪ್ರೋಟಾನ್ ಇರುವುದೇ ಅಷ್ಟು!

ಕ್ಯಾಲ್ಕುಲೇಟರ್‌ನಲ್ಲಿ ಉತ್ತರ ಹತ್ತು ಪಟ್ಟು ಜಾಸ್ತಿ ಬರುತ್ತಿದೆ. ಯಾಕೆ?

ಬಹುಶಃ ನೀವು 10 ಒತ್ತಿ, ಆಮೇಲೆ ಘಾತದ ಬಟನ್ (EXP ಅಥವಾ EE) ಒತ್ತಿ, ಮೈನಸ್ 6 ಹಾಕುತ್ತಿದ್ದೀರಿ. ಆ ಬಟನ್‌ನಲ್ಲೇ "ಗುಣಿಸು ಹತ್ತರ ಘಾತ" ಅನ್ನುವುದು ಸೇರಿದೆ. ಹಾಗಾಗಿ ಅದು 10 × 10⁻⁶ ಅಂತ ಓದಿಕೊಂಡು 10⁻⁵ ಮಾಡುತ್ತದೆ. 1 ಒತ್ತಿ, ಘಾತದ ಬಟನ್ ಒತ್ತಿ, ಮೈನಸ್ 6 ಹಾಕಿ.